ಧ್ವನಿಮುದ್ರಿಕೆಯ ಆಕರ ವಿಚಾರ: ಫುರ್ಟ್‌ವೆಂಗ್ಲರನ ಎರಡು ನಿದರ್ಶನಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ವಾದ್ಯವೃಂದದ ಸಂಚಾಲಕನು ತಾನು ಯಾವ ವಾದ್ಯವನ್ನೂ ನುಡಿಸುವುದಿಲ್ಲ. ಹಲವು ಹತ್ತು ವಾದಕರ ಲಯವನ್ನೂ ನಾದದ ಏರಿಳಿತವನ್ನೂ ಒಂದು ಸಂಕಲ್ಪಕ್ಕೆ ಒಳಪಡಿಸುವುದೇ ಅವನ ಕಲೆ. ಕಚೇರಿ ಮುಗಿದೊಡನೆ ಆ ಕಲೆ ಮರೆಯಾಗುತ್ತದೆ. ಗತಿಸಿದ ಸಂಚಾಲಕರನ್ನು ಕುರಿತು ತೀರ್ಪು ನೀಡುವ ವಿಮರ್ಶಕನಿಗೆ ಧ್ವನಿಮುದ್ರಿಕೆಯೇ ಮುಖ್ಯ ಆಧಾರ. ಆದುದರಿಂದ ಶಾಸನಗಳಿಗೂ ಹಸ್ತಪ್ರತಿಗಳಿಗೂ ನಾವು ಹಾಕುವ ಪ್ರಶ್ನೆಗಳನ್ನೇ ಮುದ್ರಿಕೆಗೂ ಹಾಕಬೇಕಾಗಿದೆ: ಇದು ಎಂದು, ಎಲ್ಲಿ, ಯಾರಿಂದ ಸಿದ್ಧವಾಯಿತು? ಇದರ ಪಾಠ ಶುದ್ಧವೇ? ಜರ್ಮನಿಯ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರನ (1886-1954) ಎರಡು ಮುದ್ರಿಕೆಗಳಿಂದ ಈ ಮಾತನ್ನು ಸ್ಪಷ್ಟಪಡಿಸಬಹುದು.

ನಾಟ್ಸಿ ಆಳ್ವಿಕೆಯಲ್ಲಿ ರಾಜಾಶ್ರಯ ಪಡೆದಿದ್ದ ಬೈರಾಯ್ಟ್ ನಗರದ ವಾಗ್ನರ್ ಉತ್ಸವವು ಯುದ್ಧಾನಂತರ ಕೆಲವು ವರ್ಷ ನಿಂತು, 1951ರಲ್ಲಿ ಪುನರಾರಂಭವಾಯಿತು. ಆ ವರ್ಷದ ಜುಲೈ 29ರಂದು ಫುರ್ಟ್‌ವೆಂಗ್ಲರನು ಅಲ್ಲಿ ಬೀಟೋವನ್ನನ ಒಂಬತ್ತನೆಯ ಸಿಂಫನಿಯನ್ನು ನಡೆಸಿದನು. ನಾಟ್ಸಿ ಕಾಲದಲ್ಲಿ ಜರ್ಮನಿಯಲ್ಲಿಯೇ ಉಳಿದು, ಯುದ್ಧಾನಂತರ ವಿಚಾರಣೆಗೆ ಗುರಿಯಾಗಿ ದೋಷಮುಕ್ತನಾಗಿದ್ದ ಕಲಾವಿದನು, ಮಾನವ ಸೋದರತೆಯನ್ನು ಸಾರುವ ಕೃತಿಯನ್ನು ಅಂತಹ ಸ್ಥಳದಲ್ಲಿ ನಡೆಸಿದುದರಿಂದ ಆ ಸಂಜೆಗೆ ಐತಿಹಾಸಿಕ ಮಹತ್ವವೊದಗಿತು. ಅವನ ಮರಣಾನಂತರ, 1955ರಲ್ಲಿ, ಬ್ರಿಟನ್ನಿನ ಇ.ಎಂ.ಐ. ಸಂಸ್ಥೆ ಪ್ರಕಟಿಸಿದ ಮುದ್ರಿಕೆಯನ್ನು ಆ ಒಂದು ಸಂಜೆಯ ಸ್ಫೂರ್ತಿಯ ಫಲವೆಂದು ವಿಮರ್ಶಕರು ಕೊಂಡಾಡಿದರು.

ಬವೇರಿಯಾದ ಆಕಾಶವಾಣಿಯಲ್ಲಿದ್ದ ಧ್ವನಿಸುರುಳಿಯನ್ನು ಮುಂದೆ ಓರ್ಫೆಯೋ ಸಂಸ್ಥೆ ಪ್ರಕಟಿಸಿದಾಗ ಸಮಸ್ಯೆ ತಲೆದೋರಿತು. ಎರಡೂ ಒಂದೇ ವಾದನವಲ್ಲವೆಂಬುದು ಹೋಲಿಕೆಯಿಂದ ತಿಳಿದುಬಂದಿತು. ಯಾವುದು ಕಚೇರಿ, ಯಾವುದು ಪೂರ್ವಾಭ್ಯಾಸ ಎಂಬ ವಾದ ಹುಟ್ಟಿತು. ಆ ಸಂಜೆಯ ನೇರ ಪ್ರಸಾರವನ್ನು ಸ್ವೀಡನ್ನಿನ ಆಕಾಶವಾಣಿ ಮುದ್ರಿಸಿಕೊಂಡಿದ್ದ ಸುರುಳಿಯನ್ನು 2021ರಲ್ಲಿ ಬಿ.ಐ.ಎಸ್. ಸಂಸ್ಥೆ ಹೊರತಂದಿತು, ಘೋಷಣೆಗಳೂ ನಡುನಡುವಣ ಮೌನವೂ ಅದರಲ್ಲಿ ಉಳಿದಿವೆ. ಅದು ಬವೇರಿಯಾದ ಪಾಠವನ್ನೇ ಸಮರ್ಥಿಸುತ್ತದೆ. ಇ.ಎಂ.ಐ.ಯದು ಪೂರ್ವಾಭ್ಯಾಸ ಮತ್ತು ಕಚೇರಿಗಳ ಭಾಗಗಳನ್ನು ಜೋಡಿಸಿದ ಮಿಶ್ರಪಾಠವೆಂದು ಹೇಳಬೇಕಾಗುತ್ತದೆ. ಪ್ರಸಿದ್ಧ ಪ್ರತಿಯೇ ಮೂಲಪ್ರತಿಯಾಗಿರಬೇಕಿಲ್ಲವೆಂಬ ಪಾಠಶೋಧನೆಯ ತತ್ತ್ವ ಇಲ್ಲಿಯೂ ಸಲ್ಲುತ್ತದೆ.

ಎರಡನೆಯ ನಿದರ್ಶನ ಇದಕ್ಕೆ ವಿಪರೀತವಾದುದು. ಅದರಲ್ಲಿ ಮೈಸೂರಿಗೂ ಪಾಲುಂಟು. ಇ.ಎಂ.ಐ. ಸಂಸ್ಥೆಯ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಸ್ಥಾಪಿಸಿದನು. ಮಹಾರಾಜ ಶ್ರೀ ಜಯಚಾಮರಾಜ ಒಡೆಯರವರು ಅದರ ಪೋಷಕರಾಗಿದ್ದರು. 1949ರಲ್ಲಿ ನಿಧನನಾದ ರಿಚರ್ಡ್ ಸ್ಟ್ರೌಸನ 'ನಾಲ್ಕು ಕೊನೆಯ ಗೀತೆಗಳು' 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಪ್ರಥಮವಾಗಿ ಕೇಳಿಬಂದುದು ಒಡೆಯರವರ ಧನಸಹಾಯದಿಂದಲೇ. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಸಂದರ್ಭದ ಮುದ್ರಿಕೆ ಉಳಿದು ಬಂದಿದೆ. ಅದರ ಸದ್ದುಗದ್ದಲ ಕೇಳುಗರನ್ನು ದೂರ ಸರಿಸುವಷ್ಟಿದೆ. ಆದರೂ ಆ ಗೀತೆಗಳಿಗೆ ಇನ್ನೂ ಯಾವ ವಾದನಸಂಪ್ರದಾಯವೂ ಬೆಳೆದಿರದ ಗಳಿಗೆಗೆ ಅದು ಸಾಕ್ಷಿ. ಅಂದು ಗೀತೆಗಳನ್ನು ಹಾಡಿದ ಕ್ರಮವೂ ಮುದ್ರಿತ ಗ್ರಂಥದ ಕ್ರಮವಲ್ಲ; ಇಂದು ಮೊದಲು ಹಾಡುವ 'ವಸಂತ' ಅಂದು ಮೂರನೆಯದಾಗಿದ್ದಿತು. ಅನಂತರದ ನಿರ್ಮಲವಾದ ಮುದ್ರಿಕೆಗಳು ಈ ಸಂಗತಿಗಳನ್ನು ತಿಳಿಸಲಾರವು.

ಇಷ್ಟರಿಂದ ಇ.ಎಂ.ಐ. ಮುದ್ರಿಕೆ ರಸಹೀನವೆಂದಾಗಲಿ, ಸವೆದ ತಟ್ಟೆಯೆಲ್ಲ ಶ್ರೇಷ್ಠವೆಂದಾಗಲಿ ನಾವು ಹೇಳುವುದಿಲ್ಲ. ಮಿಶ್ರಪಾಠದ ಕಾವ್ಯವೂ ಓದುಗನನ್ನು ತಣಿಸಬಲ್ಲದು. ಆದರೆ ಅದರ ಗುಣವನ್ನೆಲ್ಲ ಕವಿಯೊಬ್ಬನಿಗೇ ಆರೋಪಿಸುವಂತಿಲ್ಲ. ಮುದ್ರಿಕೆಯ ರಸಾಸ್ವಾದಕ್ಕೆ ಕಿವಿ ಸಾಕು. ಅದರ ಬಲದಿಂದ ಸಂಚಾಲಕನ ಒಂದು ಸಂಜೆಯ ಸಾಧನೆಯನ್ನು ನಿರ್ಣಯಿಸಲು ಹೊರಟಾಗ ಆಕರಪರೀಕ್ಷೆ ಅನಿವಾರ್ಯ. ಸಂಗೀತವಿಮರ್ಶೆಗೆ ಇತಿಹಾಸದ ವಿದ್ಯಾರ್ಥಿಯು ನೆರವಾಗಬಹುದಾದುದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ.