ಸೋಲಾರ್ ನೀರು ಕಾಯುತ್ತಿಲ್ಲವೇ? ಈ ಹಳೆಯ ಕಥೆ ಓದಿ

ತಾರಸಿ ಮೇಲೆ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಸೋಲಾರ್. ಕೆಳಗೆ ಬಚ್ಚಲಲ್ಲಿ ಹಂಡೆಗೆ ಮತ್ತೆ ಸೌದೆ ಉರಿ. ಇಂಥ ಮನೆಗಳನ್ನು ನಾವು ನಮ್ಮ ಊರುಗಳಲ್ಲೇ ನೋಡಿದ್ದೇವೆ. ಕೇಳಿದರೆ, "ಮೊದಲು ಚೆನ್ನಾಗಿ ಕಾಯ್ತಿತ್ತು, ಈಗ ಕಾಯಲ್ಲ" ಅನ್ನುತ್ತಾರೆ. ಈ ಯಂತ್ರ ಹುಟ್ಟಿದ ಚರಿತ್ರೆ ಗೊತ್ತಿದ್ದರೆ, ತೊಂದರೆ ಎಲ್ಲಿದೆ ಎಂದು ನಾವೇ ಹುಡುಕಬಹುದು.

1891ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ ಎಂಬಾತ ಕಪ್ಪು ಬಳಿದ ನೀರಿನ ಟ್ಯಾಂಕುಗಳನ್ನು ಗಾಜು ಮುಚ್ಚಿದ ಮರದ ಪೆಟ್ಟಿಗೆಯಲ್ಲಿಟ್ಟು ಪೇಟೆಂಟ್ ಪಡೆದ. ಬಿಸಿಲಿಗೆ ನೀರು ಕಾಯುತ್ತಿತ್ತು. ಆದರೆ ರಾತ್ರಿಯೂ ಅದೇ ಪೆಟ್ಟಿಗೆಯಲ್ಲಿ ಉಳಿದು, ಬೆಳಗಾಗುವಷ್ಟರಲ್ಲಿ ಆರಿಹೋಗುತ್ತಿತ್ತು.

ಇದಕ್ಕೆ ದಾರಿ ಕಂಡವನು ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ. 1909ರಲ್ಲಿ ಅವನು ಒಂದನ್ನು ಎರಡು ಮಾಡಿದ. ಕಾಯಿಸುವ ಪೈಪುಗಳು ಕೆಳಗೆ ಬಿಸಿಲಿನಲ್ಲಿ; ಶಾಖ ಸೋರದಂತೆ ಕವಚ ಹಾಕಿದ ಟ್ಯಾಂಕು ಅದಕ್ಕಿಂತ ಮೇಲೆ. ಕಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ರಾತ್ರಿಯೂ ಬಿಸಿನೀರು ಸಿಗುತ್ತದೆಂದು ಕಂಪನಿಗೆ 'ಡೇ ಅಂಡ್ ನೈಟ್' ಎಂದೇ ಹೆಸರಾಯಿತು. ಮುಂದೆ ಅಲ್ಲಿ ಅಗ್ಗದ ಗ್ಯಾಸ್ ಬಂದು ಸೋಲಾರ್ ಮೂಲೆ ಸೇರಿತು. ಉಪಾಯ ಮಾತ್ರ ಉಳಿಯಿತು.

ನಮ್ಮ ತಾರಸಿಗಳ ಮೇಲಿರುವ, ಚಪ್ಪಟೆ ಗಾಜಿನ ಕೆಳಗೆ ತಾಮ್ರದ ಪೈಪಿರುವ ಸೋಲಾರ್ ನಡೆಯುವುದು ಇದೇ ಉಪಾಯದಲ್ಲಿ. ಒಳ್ಳೆ ಬಿಸಿಲಿನ ಮಧ್ಯಾಹ್ನ, ಗಾಜಿನ ಪೆಟ್ಟಿಗೆಯ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಬಟ್ಟೆ ಹಿಡಿದು, ಹುಷಾರಾಗಿ ಮುಟ್ಟಿ ನೋಡಿ.

ಪೈಪು ಸುಡುತ್ತಿದ್ದು ಟ್ಯಾಂಕಿನ ನೀರು ತಣ್ಣಗಿದ್ದರೆ, ನೀರು ಸುತ್ತುತ್ತಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಇಲ್ಲವೇ ಬೋರ್‌ವೆಲ್ಲಿನ ಗಡಸು ನೀರು ಪೈಪಿನೊಳಗೆ ಬಿಳಿ ಕಲ್ಲಿನಂತೆ ಕಟ್ಟಿರಬಹುದು.

ಪೈಪೇ ಬೆಚ್ಚಗಾಗದಿದ್ದರೆ, ಮೊದಲು ಬಿಸಿಲು ತಾಗುತ್ತಿದೆಯೇ ನೋಡಿ. ಗಾಜಿನ ಮೇಲೆ ಧೂಳು ಕೂತಿರುತ್ತದೆ, ಅಥವಾ ಹಾಕಿಸಿದಾಗ ಗಿಡ್ಡಗಿದ್ದ ತೆಂಗು ಈಗ ನೆರಳು ಕೊಡುತ್ತಿರುತ್ತದೆ.

ಸಂಜೆ ಬಿಸಿಯಿದ್ದು ಬೆಳಿಗ್ಗೆ ತಣ್ಣಗಾದರೆ, ಅದು ಕೆಂಪ್‌ನ ಕಾಲದ ಕಾಯಿಲೆ. ಟ್ಯಾಂಕಿನ ಕವಚ ಕೆಟ್ಟಿದೆಯೇ, ಟ್ಯಾಂಕನ್ನು ಬೇಕಾದಷ್ಟು ಎತ್ತರಕ್ಕೆ ಕೂರಿಸಿಲ್ಲವೇ ಎಂದು ಪರೀಕ್ಷಿಸಿ. ತಗ್ಗಿನಲ್ಲಿದ್ದರೆ ರಾತ್ರಿ ನೀರು ಹಿಂದಕ್ಕೆ ಸುತ್ತಿ ಆರುತ್ತದೆ.

ಗಾಜು ಒರೆಸುವುದು ನಮ್ಮ ಕೆಲಸ. ಗಾಳಿ ಬಿಡಿಸುವುದು, ಕಲ್ಲು ತೆಗೆಯುವುದು ರಿಪೇರಿಯವರ ಕೆಲಸ. ಅವರು ಬಂದವರೇ "ಪೂರ್ತಿ ಬದಲಾಯಿಸಿ" ಅಂದರೆ, "ನೀರು ಎಲ್ಲಿ ನಿಂತಿದೆ, ಮೊದಲು ತೋರಿಸಿ" ಎಂದು ಕೇಳೋಣ.