ಚಿತ್ರದಲ್ಲಿರುವವರು ಯಾರು?

ಸಂಗ್ರಹಾಲಯದ ಕಲಾಕೃತಿ, ಛಾಯಾಚಿತ್ರಗಳಲ್ಲಿ ಕಾಣುವ ವ್ಯಕ್ತಿಗಳನ್ನು ಗುರುತಿಸಿ ಸೂಚಿ ತಯಾರಿಸುವುದು ದಾಖಲೀಕರಣದ ಮುಖ್ಯ ಅಂಗ. ಚಿತ್ರ ತೆಗೆದವರಿಗೂ ಚಿತ್ರದಲ್ಲಿರುವವರಿಗೂ ಇಲ್ಲಿ ಪ್ರತ್ಯೇಕ ನಮೂದು ಇರುತ್ತದೆ.

ಕರಾವಳಿಗೆ ಹತ್ತಿರದ ನಿದರ್ಶನ ಬಾಸೆಲ್ ಮಿಷನ್ ಸಂಗ್ರಹ. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯ ಹಳೆಯ ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ, ಅಂತರಜಾಲದಲ್ಲೂ ಲಭ್ಯ. ಅವುಗಳಲ್ಲಿ ಪಾದ್ರಿಗಳ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಹರ್ಮನ್ ಆನಂದರಾವ್ ಕೌಂಡಿನ್ಯರಂಥವರನ್ನು ಬಿಟ್ಟರೆ ಸ್ಥಳೀಯರಲ್ಲಿ ಅನೇಕರಿಗೆ ಜಾತಿ, ಕಸುಬೇ ಗುರುತು.

ಇಂಥ ಚಿತ್ರಗಳ ಮೂಲ ಶೀರ್ಷಿಕೆಯನ್ನು ತಿದ್ದದೆ ಉಳಿಸಿಕೊಂಡು, ಎಡದಿಂದ ಬಲಕ್ಕೆ ಪ್ರತಿಯೊಬ್ಬರನ್ನೂ ಬೇರೆಯಾಗಿ ನಮೂದಿಸಬೇಕು. ಗುರುತಿಸಿದವರು ಯಾರು, ಎಂದು, ಎಷ್ಟು ಖಚಿತ ಎಂಬುದೂ ಅಗತ್ಯ. ಹೆಸರು ತಿಳಿಯದಿದ್ದರೆ 'ಗುರುತಿಸಿಲ್ಲ' ಎಂದೇ ಬರೆಯಬೇಕು, ಊಹೆ ಸಲ್ಲದು.

ಈ ಕಾರ್ಯ ಸಂಗ್ರಹಾಲಯಗಳಿಗಷ್ಟೇ ಸೀಮಿತವಲ್ಲ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿಗಾಗಿ ಪಣಂಬೂರಿನ ಹಲವು ಕುಟುಂಬಗಳು ಮನೆ, ಭೂಮಿ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳಿಗೆ ತೆರಳಿದವು. ಅಂಥ ಮನೆಗಳಲ್ಲಿ ಹಳೆಯ ಚಿತ್ರಗಳಿದ್ದರೆ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಹೆಸರು, ಸ್ಥಳ, ವರ್ಷ ಬರೆದಿಡುವುದು ಒಳಿತು. ಮುಖ ಗುರುತಿಸಬಲ್ಲ ಹಿರಿಯರು ಇರುವಾಗಲೇ ಇದು ಆಗಬೇಕು. ಬಿಟ್ಟುಹೋದ ಊರಿನಲ್ಲಿ ಹೋಗಿ ವಿಚಾರಿಸೋಣವೆಂದರೆ ಅಲ್ಲಿ ಈಗ ಬಂದರಿದೆ.