ಕೆಲಸ ಬಲ್ಲವರೆಲ್ಲ ಕಲಿಸಬಲ್ಲರೇ? ಹೋಟೆಲ್, ಲಾಡ್ಜ್, ಅಂಗಡಿಗಳಲ್ಲಿ ‘ಒಳಗಿನ ಮೇಷ್ಟ್ರು’ ತಯಾರಾಗೋದು ಹೇಗೆ?

ಹೊಸಪೇಟೆ: ಅಕ್ಟೋಬರ್ ಬಂತೆಂದರೆ ಹಂಪಿ ಸೀಸನ್ ಶುರು. ಫೆಬ್ರವರಿವರೆಗೆ ಲಾಡ್ಜ್, ಖಾನಾವಳಿ, ಟ್ರಾವೆಲ್ಸ್, ಅಂಗಡಿ ಎಲ್ಲ ಕಡೆಯೂ ಕೈ ಸಾಲುವುದಿಲ್ಲ. ಸುತ್ತಲಿನ ಹಳ್ಳಿಗಳಿಂದ ಹೊಸ ಹುಡುಗರು, ಹೆಣ್ಣುಮಕ್ಕಳು ಕೆಲಸಕ್ಕೆ ಸೇರುತ್ತಾರೆ. ಮಾಲೀಕರು ಹಳೆಯ ಕೆಲಸಗಾರನನ್ನು ಕರೆದು, “ಇವನಿಗೆ ಸ್ವಲ್ಪ ತೋರ್ಸಪ್ಪ” ಅಂತಾರೆ. ಆತ ತನ್ನ ಅವಸರದಲ್ಲಿ ಒಮ್ಮೆ ಮಾಡಿ ತೋರಿಸಿ, “ಗೊತ್ತಾಯ್ತಾ?” ಅಂತ ಕೇಳ್ತಾನೆ. ಹುಡುಗ “ಹ್ಞೂಂ ಅಣ್ಣ” ಅಂತಾನೆ. ನಾಲ್ಕು ದಿನಕ್ಕೆ ಗಿರಾಕಿಯಿಂದ ದೂರು ಬರುತ್ತದೆ, ಹುಡುಗ ಬೈಸಿಕೊಳ್ಳುತ್ತಾನೆ, ಮುಂದಿನ ವಾರ ಕೆಲಸಕ್ಕೇ ಬರುವುದಿಲ್ಲ.

ತಪ್ಪು ಯಾರದು? ಹುಡುಗನದಲ್ಲ, ಹಳಬನದೂ ಅಲ್ಲ. ಕೆಲಸ ಗೊತ್ತಿದ್ದವನಿಗೆ ಕಲಿಸೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಈ ಕೊರತೆ ತುಂಬುವವರೇ ಕೆಲಸದ ಜಾಗದ ತರಬೇತುದಾರರು.

ಏನಿದು?

ಹೊರಗಿನಿಂದ ಬಂದು ಭಾಷಣ ಮಾಡಿ ಹೋಗುವವರಲ್ಲ. ಅದೇ ಹೋಟೆಲ್‌ನಲ್ಲಿ ದುಡಿಯುವ ರೂಮ್ ಸೂಪರ್‌ವೈಸರ್, ಹಿರಿಯ ಸಪ್ಲೈಯರ್, ಮುಖ್ಯ ಅಡುಗೆಯವರು, ಹಳೆಯ ಡ್ರೈವರ್ ಇಂಥವರನ್ನೇ ಆರಿಸಿ, ಅವರಿಗೆ ‘ಕಲಿಸುವ ವಿದ್ಯೆ’ಯನ್ನು ಕಲಿಸುವುದು. ಆಮೇಲೆ ಅವರು ಉಳಿದವರನ್ನು ತಯಾರು ಮಾಡುತ್ತಾರೆ. ಹತ್ತು ಜನರನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರೆ ಇಲ್ಲಿ ಹೋಟೆಲ್ ಬಾಗಿಲು ಮುಚ್ಚಬೇಕಾಗುತ್ತೆ. ಒಬ್ಬರನ್ನು ಚೆನ್ನಾಗಿ ತಯಾರು ಮಾಡಿದರೆ ಹತ್ತೂ ಜನ ಇದ್ದಲ್ಲೇ ಕಲಿಯುತ್ತಾರೆ.

ಪದ್ಧತಿ ಬಂದಿದ್ದು ಎಲ್ಲಿಂದ?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವೇ ಇಲ್ಲದ ಲಕ್ಷಾಂತರ ಜನ ಸೇರಿದರು. ಅವರಿಗೆ ಬೇಗ ಕೆಲಸ ಕಲಿಸಲು 1940ರಲ್ಲಿ ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಸರ್ಕಾರಿ ಕಾರ್ಯಕ್ರಮ ಆರಂಭವಾಯಿತು. ಕಲಿಸುವ ಕ್ರಮಕ್ಕೇ ಅದರಲ್ಲಿ ಒಂದು ಪಾಠವಿತ್ತು. ದಿನಕ್ಕೆ 2 ಗಂಟೆಯಂತೆ 5 ದಿನ, ಒಟ್ಟು 10 ಗಂಟೆ. ಯುದ್ಧ ಮುಗಿದ ಮೇಲೆ ಜಪಾನಿನ ಕೈಗಾರಿಕೆಗಳೂ ಇದನ್ನು ಅಳವಡಿಸಿಕೊಂಡವು. ಕೆಲಸಗಾರ ಕಲಿತಿಲ್ಲ ಅಂದ್ರೆ ಕಲಿಸುವವನು ಸರಿಯಾಗಿ ಕಲಿಸಿಲ್ಲ ಎಂಬುದು ಅದರ ಮೂಲ ಮಾತು.

ನಾಲ್ಕು ಹೆಜ್ಜೆಗಳು

1. ತಯಾರಿ: ಹೊಸಬರ ಭಯ ತೆಗೆಯಿರಿ. ಈ ಕೆಲಸ ಮೊದಲು ಮಾಡಿದ್ದೀರಾ, ಎಷ್ಟು ಗೊತ್ತು ಅಂತ ಕೇಳಿ. ಈ ಕೆಲಸ ಯಾಕೆ ಮುಖ್ಯ ಅಂತ ತಿಳಿಸಿ.

2. ತೋರಿಸುವುದು: ಒಂದೊಂದೇ ಹಂತ ಮಾಡಿ ತೋರಿಸಿ. ಎರಡನೇ ಸಲ ಮಾಡುವಾಗ ಪ್ರತಿ ಹಂತದ ಗುಟ್ಟು ಹೇಳಿ. ಮೂರನೇ ಸಲ ಆ ಗುಟ್ಟಿಗೆ ಕಾರಣ ಹೇಳಿ. ಒಮ್ಮೆಗೇ ತಲೆಗೆ ತುಂಬಬೇಡಿ.

3. ಮಾಡಿಸುವುದು: ಈಗ ಅವರ ಕೈಯಲ್ಲಿ ಮಾಡಿಸಿ. ತಪ್ಪಿದ ಕೂಡಲೇ ಅಲ್ಲೇ ತಿದ್ದಿ. ಆಮೇಲೆ ಮಾಡುತ್ತಾ ಮಾಡುತ್ತಾ ಅವರೇ ನಿಮಗೆ ವಿವರಿಸಲಿ. “ಗೊತ್ತಾಯ್ತಾ?” ಅನ್ನೋ ಪ್ರಶ್ನೆಯಿಂದ ಏನೂ ಗೊತ್ತಾಗಲ್ಲ, ಬಾಯಿಬಿಟ್ಟು ವಿವರಿಸಿದಾಗಲೇ ಗೊತ್ತಾಗೋದು.

4. ಬಿಟ್ಟು ನೋಡುವುದು: ಒಬ್ಬರೇ ಮಾಡಲಿ. ಅನುಮಾನ ಬಂದರೆ ಯಾರನ್ನು ಕೇಳಬೇಕು ಅಂತ ಹೆಸರು ಹೇಳಿ. ಮೊದಲು ಪದೇ ಪದೇ, ನಂತರ ಅಪರೂಪಕ್ಕೆ ಹೋಗಿ ನೋಡಿ.

ಒಂದು ಉದಾಹರಣೆ: ರೂಮ್ ಕ್ಲೀನಿಂಗ್

ಕಲಿಸುವ ಮೊದಲು ತರಬೇತುದಾರರು ಒಂದು ಚೀಟಿ ಬರೆದುಕೊಳ್ಳಬೇಕು. ಅದರಲ್ಲಿ ಹಂತ, ಗುಟ್ಟು, ಕಾರಣ ಮೂರೂ ಇರಲಿ.

• ಬಾಗಿಲು ತಟ್ಟುವುದು: ಮೂರು ಸಲ ತಟ್ಟಿ, ಯಾರೆಂದು ಹೇಳಿ, ಸ್ವಲ್ಪ ಕಾದು ಒಳಗೆ ಹೋಗಬೇಕು. ಒಳಗೆ ಗಿರಾಕಿ ಇರಬಹುದು.
• ಹಳೆ ಬೆಡ್‌ಶೀಟ್ ತೆಗೆಯುವುದು: ಒಂದೊಂದನ್ನೇ ಕೊಡವಿ ತೆಗೆಯಬೇಕು. ಮೊಬೈಲ್, ಒಡವೆ ಸಿಕ್ಕಿಕೊಂಡಿರುತ್ತೆ. ಸಿಕ್ಕಿದ್ದನ್ನು ಆಗಲೇ ಕೌಂಟರ್‌ಗೆ ತಲುಪಿಸಿ ಬರೆಸಿದರೆ ಕೆಲಸಗಾರರ ಮೇಲೆ ಕಳ್ಳತನದ ಮಾತು ಬರಲ್ಲ.
• ಬಾತ್‌ರೂಮ್: ಕಮೋಡ್ ಒರೆಸುವ ಬಟ್ಟೆ ಬೇರೆ, ಬೇಸಿನ್ ಮತ್ತು ಗ್ಲಾಸಿನದು ಬೇರೆ. ರೋಗ ಹರಡಬಾರದು.
• ನೆಲ ಒರೆಸುವುದು: ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಬರಬೇಕು. ಒರೆಸಿದ ಜಾಗದಲ್ಲಿ ಹೆಜ್ಜೆ ಗುರುತು ಬೀಳಬಾರದು.
• ಕೊನೆಗೆ ಬಾಗಿಲಲ್ಲಿ ನಿಂತು ಒಮ್ಮೆ ನೋಡುವುದು: ಗಿರಾಕಿ ಕಣ್ಣಿಗೆ ಮೊದಲು ಬೀಳುವುದು ಅದೇ ನೋಟ.

ಹಳಬರಿಗೆ ಇದೆಲ್ಲ ಕೈಗೆ ಬಂದುಬಿಟ್ಟಿದೆ. ಹಾಗಾಗಿಯೇ ಹೇಳಿಕೊಡುವಾಗ ಬಿಟ್ಟುಹೋಗುತ್ತೆ. ಚೀಟಿ ಬರೆದುಕೊಂಡರೆ ಬಿಟ್ಟುಹೋಗಲ್ಲ.

ಯಾರನ್ನು ಆರಿಸಬೇಕು?

ಅತಿ ವೇಗವಾಗಿ ಕೆಲಸ ಮಾಡುವವರೇ ಆಗಬೇಕಿಲ್ಲ. ತಾಳ್ಮೆ ಇರಬೇಕು, ಕಿರಿಯರು ಹೆದರದೆ ಪ್ರಶ್ನೆ ಕೇಳುವಂತಿರಬೇಕು. ಕಲಿಸುವ ಹೊತ್ತಿನಲ್ಲಿ ಅವರ ಸ್ವಂತ ಕೆಲಸದ ಹೊರೆ ಇಳಿಸಬೇಕು. ಜವಾಬ್ದಾರಿ ಹೆಚ್ಚಿಸಿದ ಮೇಲೆ ಸಂಬಳಕ್ಕೂ ಏನಾದರೂ ಸೇರಿಸಬೇಕು. ಬರೀ ‘ನೀನು ಸೀನಿಯರ್’ ಅಂದ್ರೆ ಹೊಟ್ಟೆ ತುಂಬಲ್ಲ.

ಸಣ್ಣ ಅಂಗಡಿಯವರಿಗೂ ಆಗುತ್ತಾ?

ಆಗುತ್ತೆ. ಇಬ್ಬರೇ ಇರುವ ಅಂಗಡಿಯಲ್ಲಿ ಮಾಲೀಕರೇ ಮೇಷ್ಟ್ರು. ಬೆಲೆ ಹೇಳುವುದು, ಯುಪಿಐ ಹಣ ಬಂದಿದ್ದು ಖಾತ್ರಿ ಮಾಡಿಕೊಳ್ಳುವುದು, ಭಾಷೆ ಬಾರದ ಗಿರಾಕಿಗೆ ದಾರಿ ತೋರಿಸುವುದು, ಇವಕ್ಕೆಲ್ಲ ಇದೇ ನಾಲ್ಕು ಹೆಜ್ಜೆ ಸಾಕು. ತೆಪ್ಪ ನಡೆಸುವವರಿಗೆ ಲೈಫ್ ಜಾಕೆಟ್ ತೊಡಿಸುವುದು, ಎಷ್ಟು ಜನರನ್ನು ಕೂರಿಸಬೇಕು ಎಂಬುದು ಜೀವದ ಪ್ರಶ್ನೆ. ಇಂಥದ್ದನ್ನು ನೋಡಿ ಕಲಿಯಲಿ ಅಂತ ಬಿಡುವಂತಿಲ್ಲ.

ಸರ್ಕಾರದ ದಾರಿಗಳು

• ಆಹಾರ ಸುರಕ್ಷತೆ: ಎಫ್‌ಎಸ್‌ಎಸ್‌ಎಐ 2017ರಲ್ಲಿ ‘ಫೋಸ್ಟ್ಯಾಕ್’ ತರಬೇತಿ ಆರಂಭಿಸಿದೆ. ಲೈಸೆನ್ಸ್ ಪಡೆದ ಆಹಾರೋದ್ಯಮಗಳಲ್ಲಿ ಆಹಾರ ಮುಟ್ಟಿ ಕೆಲಸ ಮಾಡುವ ಪ್ರತಿ 25 ಜನರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕರಾದರೂ ಇರಬೇಕು. ಅವರು ಉಳಿದವರಿಗೆ ಕಲಿಸಬೇಕು. ಇದು ‘ಒಳಗಿನ ಮೇಷ್ಟ್ರು’ ಪದ್ಧತಿಯೇ.

• ಅಪ್ರೆಂಟಿಸ್: 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಮತ್ತು ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇರುವ ಕಡೆ ಐಚ್ಛಿಕ. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಒಂದು ಪಾಲನ್ನು ಕೇಂದ್ರ ಸರ್ಕಾರ ಕೊಡುತ್ತದೆ.

• ತರಬೇತುದಾರರ ಸರ್ಟಿಫಿಕೇಟ್: ಪ್ರವಾಸೋದ್ಯಮ ಮತ್ತು ಆತಿಥ್ಯ ಕೌಶಲ ಮಂಡಳಿ ತರಬೇತುದಾರರನ್ನೂ, ಪರೀಕ್ಷಕರನ್ನೂ ತಯಾರು ಮಾಡಿ ಪ್ರಮಾಣಪತ್ರ ಕೊಡುತ್ತದೆ. ಶಾಲೆ ಅರ್ಧಕ್ಕೆ ಬಿಟ್ಟು ಅನುಭವದಿಂದಲೇ ಕಲಿತವರಿಗೆ ‘ಹಿಂದಿನ ಕಲಿಕೆಗೆ ಮಾನ್ಯತೆ’ (ಆರ್‌ಪಿಎಲ್) ಎಂಬ ದಾರಿ ಇದೆ.

ಈಗ ಯಾವ ಬ್ಯಾಚ್ ನಡೆಯುತ್ತಿದೆ, ಶುಲ್ಕ ಎಷ್ಟು ಎಂಬುದನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿ ಅಥವಾ ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಿ. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಅಧಿಕೃತ ವೆಬ್‌ಸೈಟ್ ನೋಡಿ.

“ಕಲಿಸಿದ್ರೆ ಬೇರೆ ಕಡೆ ಹೋಗ್ತಾರಲ್ಲ?”

ಮಾಲೀಕರು ಇದನ್ನು ಕೇಳುವುದು ಸಹಜ. ಕೆಲವರು ಹೋಗುತ್ತಾರೆ ನಿಜ. ಆದರೆ ಕಲಿಸದೇ ಇಟ್ಟುಕೊಂಡವರು ಉಳಿದರೂ ನಷ್ಟವೇ. ಒಡೆದ ಪ್ಲೇಟು, ಕಳೆದ ಗಿರಾಕಿ, ಆನ್‌ಲೈನ್‌ನಲ್ಲಿ ಬಿದ್ದ ಒಂದು ಸ್ಟಾರ್ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣಲ್ಲ. ದಿನಾ ಬೈಸಿಕೊಂಡು ಬಿಟ್ಟುಹೋಗುವವರೂ ಕಡಿಮೆ ಇಲ್ಲ.

1986ರಿಂದ ಹಂಪಿ ವಿಶ್ವ ಪರಂಪರೆ ತಾಣ. ಕಲ್ಲಿನ ರಥ ನೋಡಲು ಬಂದವರು ಊಟ, ರೂಮು, ಆಟೋ, ಅಂಗಡಿ ಅಂತ ನಮ್ಮ ಜನರ ಕೈಯಲ್ಲೇ ದಿನ ಕಳೆಯುತ್ತಾರೆ. ಬಿಸಿಲಿನ ತಿಂಗಳಲ್ಲಿ ಜನ ಕಡಿಮೆ ಇರುವ ವಾರದ ದಿನಗಳನ್ನು ಇದಕ್ಕೆ ಬಳಸಿಕೊಳ್ಳಿ. ಒಬ್ಬರನ್ನು ಆರಿಸಿ, ಒಂದು ಕೆಲಸದ ಚೀಟಿ ಬರೆಸಿ, ಒಬ್ಬರಿಗೆ ಕಲಿಸಿ ನೋಡಿ. ಅಷ್ಟರಿಂದ ಶುರು ಮಾಡಿದರೆ ಸಾಕು.